ಹೊಂಗೆ, ಹಿಪ್ಪೆ, ಕಾಡುಹರಳು: ಯಾವ ಎಣ್ಣೆಗೆ ಯಾವ ವೇಗವರ್ಧಕ?

ಅಡುಗೆಗೆ ಬಾರದ ಎಣ್ಣೆಯಿಂದ ಬಯೋಡೀಸೆಲ್ ತಯಾರಿಸಲು ಹೊರಟವರೆಲ್ಲ ಒಂದು ಹಂತದಲ್ಲಿ ವೇಗವರ್ಧಕದ, ಅಂದರೆ ಕ್ರಿಯೆಯನ್ನು ಬೇಗ ಮುಗಿಸುವ ವಸ್ತುವಿನ, ಆಯ್ಕೆಯಲ್ಲಿ ಗೊಂದಲಕ್ಕೆ ಬೀಳುತ್ತಾರೆ. ಕಾಸ್ಟಿಕ್ ಸೋಡಾ ಸಾಕೇ, ಪೊಟ್ಯಾಶ್ (ಪೊಟ್ಯಾಸಿಯಂ ಹೈಡ್ರಾಕ್ಸೈಡ್) ಬೇಕೇ? ಗಂಧಕಾಮ್ಲ ಇಲ್ಲದೆ ಆಗುವುದೇ ಇಲ್ಲ ಎಂದು ಒಬ್ಬರು ಹೇಳಿದರೆ, ಮೊಟ್ಟೆಯ ಚಿಪ್ಪು ಸುಟ್ಟರೆ ಸಾಕು, ಹತ್ತಾರು ಸಲ ಬಳಸಬಹುದು ಎಂದು ಇನ್ನೊಬ್ಬರು ಹೇಳುತ್ತಾರೆ. ಕಿಣ್ವದ ಮಾತು ಬಂದರಂತೂ ಉಳಿದದ್ದೆಲ್ಲ ಹಳೆಯ ಕಾಲದ್ದು ಎನಿಸುತ್ತದೆ.

ಎಣ್ಣೆಯನ್ನು ನೋಡದೆ ವೇಗವರ್ಧಕದ ಹೆಸರು ಹೇಳುವವರ ಮಾತನ್ನು ಅಲ್ಲಿಗೇ ಬಿಡಿ. ಒಂದೇ ಮರದ ಬೀಜವಾದರೂ ಒಣಗಿದ ಬೀಜದಿಂದ ಆಗಷ್ಟೇ ಹಿಂಡಿದ ಎಣ್ಣೆಯೇ ಬೇರೆ, ಮಳೆಯಲ್ಲಿ ನೆನೆದ ಬೀಜದಿಂದ ತೆಗೆದು ತಿಂಗಳುಗಟ್ಟಲೆ ಡ್ರಮ್ಮಿನಲ್ಲಿ ಇಟ್ಟ ಎಣ್ಣೆಯೇ ಬೇರೆ. ಮೊದಲನೆಯದಕ್ಕೆ ಒಗ್ಗುವ ವೇಗವರ್ಧಕವನ್ನು ಎರಡನೆಯದಕ್ಕೆ ಹಾಕಿದರೆ ಇಂಧನದ ಬದಲು ಸಾಬೂನಿನ ಗಂಜಿ ಸಿಗುತ್ತದೆ.

ಪಾತ್ರೆಯೊಳಗೆ ನಡೆಯುವುದೇನು

ಎಣ್ಣೆಯ ಪ್ರತಿ ಅಣುವಿನಲ್ಲಿ ಮೂರು ಕೊಬ್ಬಿನಾಮ್ಲದ ಸರಪಳಿಗಳು ಒಂದು ಗ್ಲಿಸರಿನ್ನಿಗೆ ಅಂಟಿಕೊಂಡಿರುತ್ತವೆ. ಮೆಥನಾಲ್ ಎಂಬ ಆಲ್ಕೋಹಾಲ್ ಬಂದು ಗ್ಲಿಸರಿನ್ನಿನ ಜಾಗ ಹಿಡಿದರೆ ಮೂರೂ ಸರಪಳಿಗಳು ಬಿಡಿಬಿಡಿ ಎಸ್ಟರ್‌ಗಳಾಗುತ್ತವೆ. ಆ ಎಸ್ಟರೇ ಬಯೋಡೀಸೆಲ್. ಲೆಕ್ಕದ ಪ್ರಕಾರ 100 ಕಿಲೋ ಎಣ್ಣೆಗೆ ಸುಮಾರು 11 ಕಿಲೋ ಮೆಥನಾಲ್ ಸೇರಿದರೆ ಹತ್ತಿರ ಹತ್ತಿರ 100 ಕಿಲೋ ಎಸ್ಟರ್ ಮತ್ತು 10 ಕಿಲೋ ಗ್ಲಿಸರಿನ್ ಬರಬೇಕು. ಆದರೆ ಈ ಕ್ರಿಯೆ ಹಿಂದಕ್ಕೂ ನಡೆಯಬಲ್ಲದು. ಅದನ್ನು ಮುಂದಕ್ಕೆ ದೂಡಲು ಸಾಮಾನ್ಯವಾಗಿ ಮೆಥನಾಲನ್ನು ದುಪ್ಪಟ್ಟು, ಅಂದರೆ ಸುಮಾರು 22 ಕಿಲೋ ಹಾಕುತ್ತಾರೆ. ವೇಗವರ್ಧಕದ ಕೆಲಸ ಕ್ರಿಯೆಯನ್ನು ಬೇಗ ಮುಗಿಸುವುದು. ಕೆಟ್ಟ ಎಣ್ಣೆಯನ್ನು ಒಳ್ಳೆಯ ಎಣ್ಣೆ ಮಾಡುವುದು ಅದರ ಕೈಯಲ್ಲಿಲ್ಲ.

ಯಾವ ಅಳತೆಗೋಲಿನಿಂದ ಅಳೆಯಬೇಕು

ಮೊದಲನೆಯದು ಮತ್ತು ಎಲ್ಲಕ್ಕಿಂತ ಮುಖ್ಯವಾದದ್ದು ಮುಕ್ತ ಕೊಬ್ಬಿನಾಮ್ಲ. ಗ್ಲಿಸರಿನ್ನಿನಿಂದ ಕಳಚಿಕೊಂಡು ಎಣ್ಣೆಯಲ್ಲಿ ಒಂಟಿಯಾಗಿ ತೇಲುವ ಆಮ್ಲ ಇದು. ತೇವ, ಶಾಖ ಮತ್ತು ಕಾಲ ಮೂರೂ ಇದನ್ನು ಹೆಚ್ಚಿಸುತ್ತವೆ. ಶುದ್ಧೀಕರಿಸಿದ ಅಡುಗೆ ಎಣ್ಣೆಯಲ್ಲಿ ಇದು ಹೆಸರಿಗಷ್ಟೇ ಇರುತ್ತದೆ. ಪ್ರಕಟಿತ ಅಧ್ಯಯನಗಳಲ್ಲಿ ಕಾಡುಹರಳಿನ ಎಣ್ಣೆಯಲ್ಲಿ ಶೇಕಡಾ 14, ರಬ್ಬರ್ ಬೀಜದ ಎಣ್ಣೆಯಲ್ಲಿ 17, ಹಿಪ್ಪೆ ಎಣ್ಣೆಯಲ್ಲಿ 19ರಷ್ಟು ದಾಖಲಾಗಿದ್ದೂ ಇದೆ. ಹೊಂಗೆ ಎಣ್ಣೆ ಬೀಜದ ಸ್ಥಿತಿಗೆ ತಕ್ಕಂತೆ ಶೇಕಡಾ ಎರಡು-ಮೂರರಿಂದ ಎರಡಂಕಿಯವರೆಗೂ ಏರುತ್ತದೆ.

ಈ ಅಂಕಿ ಏಕೆ ಅಷ್ಟು ಮುಖ್ಯ ಎಂಬುದನ್ನು ಒಂದು ಲೆಕ್ಕದಿಂದಲೇ ನೋಡಬಹುದು. 100 ಕಿಲೋ ಎಣ್ಣೆಯಲ್ಲಿ ಶೇಕಡಾ 10 ಮುಕ್ತ ಆಮ್ಲ ಇದೆ ಎನ್ನೋಣ. ಕಾಸ್ಟಿಕ್ ಸೋಡಾ ಹಾಕಿದ ಕೂಡಲೇ ಅದು ಮೊದಲು ಹೋಗಿ ಹಿಡಿಯುವುದು ಆ ಹತ್ತು ಕಿಲೋ ಆಮ್ಲವನ್ನು. ಅದಕ್ಕೇ 1.4 ಕಿಲೋ ಸೋಡಾ ಖರ್ಚಾಗಿ ಸುಮಾರು 10.8 ಕಿಲೋ ಸಾಬೂನು, ಜೊತೆಗೆ ಅರ್ಧ ಕಿಲೋಗೂ ಮಿಕ್ಕಿ ನೀರು ಹುಟ್ಟುತ್ತದೆ. ಇಂಧನವಾಗಬಹುದಾಗಿದ್ದ ಹತ್ತು ಕಿಲೋ ಹೀಗೆ ಹೋಯಿತು. ಅಷ್ಟಕ್ಕೇ ಮುಗಿಯುವುದಿಲ್ಲ; ಸಾಬೂನು ತಾನು ಹೋಗುವಾಗ ಒಳ್ಳೆಯ ಎಸ್ಟರನ್ನೂ ಎಳೆದುಕೊಂಡು ಗ್ಲಿಸರಿನ್ ಪದರಕ್ಕೆ ಇಳಿಯುತ್ತದೆ. ಕೆಲವೊಮ್ಮೆ ಪದರಗಳು ಬೇರೆಯಾಗುವುದೇ ಇಲ್ಲ.

ಎರಡನೆಯ ಅಳತೆಗೋಲು ನೀರು. ಸೋಡಾ, ಪೊಟ್ಯಾಶಿನಂಥ ಕ್ಷಾರಕ್ಕೆ ನೀರು ಸಿಕ್ಕರೆ ಸಾಬೂನು, ಗಂಧಕಾಮ್ಲಕ್ಕೆ ನೀರು ಸಿಕ್ಕರೆ ಕ್ರಿಯೆ ಅರ್ಧಕ್ಕೇ ಸ್ಥಗಿತ. ಮೂರನೆಯದು ಕ್ರಿಯೆ ಮುಗಿದ ಮೇಲಿನ ಕೆಲಸ: ಬೇರ್ಪಡಿಸುವುದು, ತೊಳೆಯುವುದು, ತೊಳೆದ ನೀರನ್ನು ವಿಲೇವಾರಿ ಮಾಡುವುದು. ಹೊಸಬರು ಇದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ನಾಲ್ಕನೆಯದು ಮರುಬಳಕೆ, ಘನ ವೇಗವರ್ಧಕಗಳ ವಿಷಯದಲ್ಲಿ ಈ ಪದವನ್ನು ಧಾರಾಳವಾಗಿ ಬಳಸುತ್ತಾರೆ, ಅದರ ಬಗ್ಗೆ ಮುಂದೆ ಹೇಳುತ್ತೇನೆ. ಕೊನೆಯದು ಪಾತ್ರೆ, ಶಾಖ ಮತ್ತು ಸಮಯ.

ವೇಗವರ್ಧಕದ ಬೆಲೆಯನ್ನು ನಾನು ಈ ಪಟ್ಟಿಯಲ್ಲಿ ಬೇಕೆಂದೇ ಸೇರಿಸಿಲ್ಲ. ಕಿಣ್ವವೊಂದನ್ನು ಬಿಟ್ಟರೆ ಒಟ್ಟು ಖರ್ಚಿನಲ್ಲಿ ಅದರ ಪಾಲು ಚಿಕ್ಕದು. ದುಡ್ಡು ಕರಗುವುದು ಎಣ್ಣೆಯಲ್ಲಿ, ವಾಪಸು ಪಡೆಯದ ಮೆಥನಾಲಿನಲ್ಲಿ ಮತ್ತು ಸಾಬೂನಿನ ಜೊತೆ ಹೋಗುವ ಎಸ್ಟರಿನಲ್ಲಿ.

ಆಮ್ಲ ಅಳೆಯುವ ಬಗೆ

1 ಮಿಲಿಲೀಟರ್ ಎಣ್ಣೆಯನ್ನು 10 ಮಿಲಿಲೀಟರ್ ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಕರಗಿಸಿ ಎರಡು ಹನಿ ಫಿನಾಫ್ತಲೀನ್ ಹಾಕಿ. ಲೀಟರಿಗೆ 1 ಗ್ರಾಂನಂತೆ ಕಾಸ್ಟಿಕ್ ಸೋಡಾ ಕರಗಿಸಿದ ದ್ರಾವಣವನ್ನು ಹನಿಹನಿಯಾಗಿ ಬಿಡುತ್ತ ಅಲ್ಲಾಡಿಸಿ. ತಿಳಿಗುಲಾಬಿ ಬಣ್ಣ ಅರ್ಧ ನಿಮಿಷ ಮಾಸದೆ ನಿಂತರೆ ಅಲ್ಲಿಗೆ ನಿಲ್ಲಿಸಿ. ಖರ್ಚಾದ ಪ್ರತಿ ಮಿಲಿಲೀಟರ್ ಸುಮಾರು ಶೇಕಡಾ 0.77 ಮುಕ್ತ ಆಮ್ಲಕ್ಕೆ ಸಮ. ಎಣ್ಣೆ ಹಾಕದ ಆಲ್ಕೋಹಾಲನ್ನೂ ಒಮ್ಮೆ ಹೀಗೆಯೇ ಪರೀಕ್ಷಿಸಿ, ಅದಕ್ಕೆ ತಗಲಿದ್ದನ್ನು ಕಳೆಯಬೇಕು. ಹೊಂಗೆಯಂಥ ಕೆಂಪುಗಂದು ಎಣ್ಣೆಯಲ್ಲಿ ಗುಲಾಬಿ ಬಣ್ಣ ಕಣ್ಣಿಗೆ ಸರಿಯಾಗಿ ಕಾಣುವುದಿಲ್ಲ. ಆಲ್ಕೋಹಾಲನ್ನು ಎರಡು-ಮೂರು ಪಟ್ಟು ಹೆಚ್ಚಿಸಿ, ಪಾತ್ರೆಯ ಕೆಳಗೆ ಬಿಳಿ ಕಾಗದವಿಟ್ಟು ನೋಡಿ. ಆಗಲೂ ಅನುಮಾನವಿದ್ದರೆ ಪಿಎಚ್ ಮೀಟರ್ ಬಳಸಿ. ಪ್ರಯೋಗಾಲಯದ ವರದಿಯಲ್ಲಿ ‘ಆಮ್ಲ ಮೌಲ್ಯ’ ಎಂದಿದ್ದರೆ ಅದರ ಅರ್ಧವೇ ಹೆಚ್ಚುಕಡಿಮೆ ಮುಕ್ತ ಆಮ್ಲದ ಶೇಕಡಾವಾರು.

ಕ್ಷಾರಗಳು: ಸೋಡಾ, ಪೊಟ್ಯಾಶ್, ಮೆಥಾಕ್ಸೈಡ್

ಮುಕ್ತ ಆಮ್ಲ ಶೇಕಡಾ 1ಕ್ಕಿಂತ ಕಡಿಮೆ ಇದ್ದು ಎಣ್ಣೆ ಒಣಗಿದ್ದರೆ ಹೆಚ್ಚು ಯೋಚಿಸಬೇಕಾಗಿಲ್ಲ, ಕ್ಷಾರವನ್ನೇ ಹಿಡಿಯಿರಿ. ಎಣ್ಣೆಯ ತೂಕದ ಶೇಕಡಾ 0.5ರಿಂದ 1ರಷ್ಟು ವೇಗವರ್ಧಕ, 60 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಶಾಖ, ಚೆನ್ನಾಗಿ ಕಲಕುವ ವ್ಯವಸ್ಥೆ ಇದ್ದರೆ ಒಂದು ಗಂಟೆಯಲ್ಲಿ ಕೆಲಸ ಮುಗಿಯುತ್ತದೆ. ಮೆಥನಾಲ್ 64.7 ಡಿಗ್ರಿಗೆ ಕುದಿಯುವುದರಿಂದ ಅದಕ್ಕಿಂತ ಮೇಲೆ ಹೋಗುವಂತಿಲ್ಲ.

ಸೋಡಾ ಅಗ್ಗ, ಎಲ್ಲೆಡೆ ಸಿಗುತ್ತದೆ. ಆದರೆ ಮೆಥನಾಲಿನಲ್ಲಿ ನಿಧಾನವಾಗಿ ಕರಗುತ್ತದೆ. ಅದರ ಸಾಬೂನು ಗಟ್ಟಿ. ತಣ್ಣಗಾದರೆ ಗ್ಲಿಸರಿನ್ ಪದರ ತಳದಲ್ಲಿ ಹೆಪ್ಪುಗಟ್ಟಿ ಕೊಳಾಯಿಯೇ ಕಟ್ಟಿಕೊಳ್ಳಬಹುದು. ಪೊಟ್ಯಾಶ್ ತೂಕದ ಲೆಕ್ಕದಲ್ಲಿ 1.4 ಪಟ್ಟು ಬೇಕು. ಮಾರಾಟಕ್ಕೆ ಬರುವ ಪೊಟ್ಯಾಶ್ ಬಹುಮಟ್ಟಿಗೆ ಶೇಕಡಾ 85ರಷ್ಟೇ ಶುದ್ಧವಾಗಿರುವುದರಿಂದ ವಾಸ್ತವದಲ್ಲಿ ಸುಮಾರು 1.65 ಪಟ್ಟು ಆಗುತ್ತದೆ. ಬದಲಿಗೆ ಅದು ಬೇಗ ಕರಗುತ್ತದೆ, ಗ್ಲಿಸರಿನ್ ನೀರಾಗಿಯೇ ಉಳಿದು ಸಲೀಸಾಗಿ ಇಳಿಯುತ್ತದೆ. ಉಳಿದ ಕ್ಷಾರವನ್ನು ಫಾಸ್ಫರಿಕ್ ಆಮ್ಲದಿಂದ ತಟಸ್ಥಗೊಳಿಸಿದರೆ ಸಿಗುವ ಪೊಟ್ಯಾಸಿಯಂ ಫಾಸ್ಫೇಟ್ ಗೊಬ್ಬರಕ್ಕಾಗುತ್ತದೆ. ಸಣ್ಣ ಘಟಕಕ್ಕೆ, ಅದರಲ್ಲೂ ಕೊಬ್ಬಿನಾಮ್ಲ ತುಸು ಹೆಚ್ಚಿರುವ ಎಣ್ಣೆಗೆ, ನಾನು ಪೊಟ್ಯಾಶ್ ಪರ.

ಸೋಡಿಯಂ ಮೆಥಾಕ್ಸೈಡ್ ದೊಡ್ಡ ಕಾರ್ಖಾನೆಗಳ ಆಯ್ಕೆ. ಸೋಡಾ ಅಥವಾ ಪೊಟ್ಯಾಶ್ ಮೆಥನಾಲಿನಲ್ಲಿ ಕರಗುವಾಗ ಸ್ವಲ್ಪ ನೀರು ಹುಟ್ಟುತ್ತದೆ. ಸಿದ್ಧ ಮೆಥಾಕ್ಸೈಡಿನಲ್ಲಿ ಆ ತೊಂದರೆಯಿಲ್ಲ, ಹಾಗಾಗಿ ಇಳುವರಿ ಹೆಚ್ಚು, ಗ್ಲಿಸರಿನ್ ಶುಭ್ರ. ಆದರೆ ಗಾಳಿಯ ತೇವ ತಾಗಿದರೆ ಕೆಡುತ್ತದೆ, ಮೈಗೆ ತಾಗಿದರೆ ಸುಡುತ್ತದೆ. ಮುಚ್ಚಿದ ಕೊಳವೆ ವ್ಯವಸ್ಥೆ ಇಲ್ಲದವರು ಇದನ್ನು ತರಿಸಿಕೊಳ್ಳದಿರುವುದೇ ಕ್ಷೇಮ.

ಶೇಕಡಾ 1ರಿಂದ 3ರ ನಡುವಿನ ಎಣ್ಣೆ ತಕರಾರಿನದು. ಟೈಟ್ರೇಷನ್ನಿನಲ್ಲಿ, ಅಂದರೆ ಮೇಲೆ ಹೇಳಿದ ಹನಿ ಪರೀಕ್ಷೆಯಲ್ಲಿ, ಬಂದಷ್ಟು ಕ್ಷಾರವನ್ನು ಹೆಚ್ಚುವರಿಯಾಗಿ ಸೇರಿಸಿ ಒಂದೇ ಹಂತದಲ್ಲಿ ಮುಗಿಸಬಹುದು. ಅದರಿಂದ ಇಳುವರಿ ಕುಸಿಯುತ್ತದೆ, ತೊಳೆಯುವಾಗ ನೊರೆ ಏಳುತ್ತದೆ. ಎಣ್ಣೆ ಅಗ್ಗವಾಗಿ ಸಿಕ್ಕಿದ್ದರೆ ಈ ನಷ್ಟವನ್ನು ಒಪ್ಪಿಕೊಳ್ಳುವುದರಲ್ಲಿ ತಪ್ಪೇನಿಲ್ಲ.

ಗಂಧಕಾಮ್ಲ: ಒಂಟಿಯಾಗಿ ಬೇಡ, ಜೊತೆಗೆ ಇರಲಿ

ಆಮ್ಲಕ್ಕೆ ಮುಕ್ತ ಕೊಬ್ಬಿನಾಮ್ಲ ಶತ್ರುವಲ್ಲ. ಅದನ್ನೇ ಮೆಥನಾಲಿನ ಜೊತೆ ಸೇರಿಸಿ ಎಸ್ಟರ್ ಮಾಡಿಬಿಡುತ್ತದೆ. ಹಾಗಾದರೆ ಇಡೀ ಎಣ್ಣೆಯನ್ನು ಆಮ್ಲದಿಂದಲೇ ಪರಿವರ್ತಿಸಬಾರದೇಕೆ? ಸಮಯಕ್ಕಾಗಿ. 1980ರ ದಶಕದಲ್ಲಿ ಸೋಯಾ ಎಣ್ಣೆಯ ಮೇಲೆ ನಡೆದ ಪ್ರಯೋಗಗಳಲ್ಲಿ ಶೇಕಡಾ 1 ಗಂಧಕಾಮ್ಲ, 65 ಡಿಗ್ರಿ ಶಾಖ, ಒಂದು ಪಾಲು ಎಣ್ಣೆಗೆ ಮೋಲ್ (ಅಣುಗಳ ಎಣಿಕೆಯ) ಲೆಕ್ಕದಲ್ಲಿ 30 ಪಾಲು ಮೆಥನಾಲ್ ಕೊಟ್ಟರೂ ಕ್ರಿಯೆ ಪೂರ್ಣವಾಗಲು 50 ಗಂಟೆ ಬೇಕಾಯಿತು.

ಹೀಗಾಗಿ ಕೆಲಸವನ್ನು ಹಂಚುವುದು ಜಾಣತನ. ಮೊದಲ ಹಂತದಲ್ಲಿ ಗಂಧಕಾಮ್ಲ ಮುಕ್ತ ಆಮ್ಲವನ್ನು ಮಾತ್ರ ಎಸ್ಟರ್ ಮಾಡಲಿ. ಅದು ಶೇಕಡಾ 1ಕ್ಕಿಂತ ಕೆಳಗಿಳಿದ ಮೇಲೆ ಎರಡನೆಯ ಹಂತದಲ್ಲಿ ಕ್ಷಾರ ಉಳಿದ ಎಣ್ಣೆಯನ್ನು ನೋಡಿಕೊಳ್ಳಲಿ. ಖಾದ್ಯವಲ್ಲದ ಎಣ್ಣೆಗಳ ಮಟ್ಟಿಗೆ ಇವತ್ತಿಗೂ ಹೆಚ್ಚಿನವರಿಗೆ ಒಪ್ಪುವ ಹಾದಿ ಇದೇ ಎಂಬುದು ನನ್ನ ಅಭಿಪ್ರಾಯ.

ಪ್ರಮಾಣಕ್ಕೆ ಒಂದು ಸೂತ್ರವಿದೆ: ಪ್ರತಿ ಗ್ರಾಂ ಮುಕ್ತ ಆಮ್ಲಕ್ಕೆ 2.25 ಗ್ರಾಂ ಮೆಥನಾಲ್, 0.05 ಗ್ರಾಂ ಗಂಧಕಾಮ್ಲ. ನಮ್ಮ 100 ಕಿಲೋ ಎಣ್ಣೆಯ ಹತ್ತು ಕಿಲೋ ಆಮ್ಲಕ್ಕೆ 22.5 ಕಿಲೋ ಮೆಥನಾಲ್, ಅರ್ಧ ಕಿಲೋ ಗಂಧಕಾಮ್ಲ. 60 ಡಿಗ್ರಿಯಲ್ಲಿ ಒಂದೆರಡು ಗಂಟೆ ಕಲಕಿ ಬಿಟ್ಟರೆ ಮೆಥನಾಲ್, ನೀರು ಮತ್ತು ಆಮ್ಲದ ಪದರ ಮೇಲೆ ನಿಲ್ಲುತ್ತದೆ, ಅದನ್ನು ತೆಗೆಯಬೇಕು. ಇಲ್ಲಿ ಆತುರ ಪಟ್ಟವರು ಕೆಡುತ್ತಾರೆ. ಹತ್ತು ಕಿಲೋ ಆಮ್ಲ ಎಸ್ಟರ್ ಆಗುವಾಗ 640 ಗ್ರಾಂನಷ್ಟು ನೀರು ಹುಟ್ಟುತ್ತದೆ, ಆ ನೀರೇ ಕ್ರಿಯೆಯನ್ನು ತಡೆಯುತ್ತದೆ. ಮತ್ತೆ ಟೈಟ್ರೇಷನ್ ಮಾಡಿ. ಗಂಧಕಾಮ್ಲದ ಪಾಲೂ ಅದರಲ್ಲಿ ಸೇರಿ ಬರುತ್ತದೆ ಎಂಬುದು ನೆನಪಿರಲಿ. ಮುಕ್ತ ಆಮ್ಲ ಇನ್ನೂ ಹೆಚ್ಚಿದ್ದರೆ ಹೊಸ ಮೆಥನಾಲಿನೊಂದಿಗೆ ಮೊದಲ ಹಂತವನ್ನೇ ಪುನಃ ಮಾಡಬೇಕು. ಶಾಖ ಹೆಚ್ಚಿಸಿ ಗಂಟೆಗಟ್ಟಲೆ ಕಾಯ್ದರೆ ಉಪಯೋಗವಿಲ್ಲ.

ಇನ್ನು ಇದರ ಬೆಲೆ. ಎರಡೂ ಹಂತ ಸೇರಿ 44 ಕಿಲೋ ಮೆಥನಾಲ್ ಒಳಗೆ ಹೋಗುತ್ತದೆ; ನಿಜವಾಗಿ ಬೇಕಾದದ್ದು ಸುಮಾರು 11. ಉಳಿದ 33 ಕಿಲೋವನ್ನು ಬಟ್ಟಿ ಇಳಿಸಿ ವಾಪಸು ಪಡೆಯುವ ವ್ಯವಸ್ಥೆ ಇಲ್ಲದಿದ್ದರೆ ಎರಡು ಹಂತದ ವಿಧಾನ ನಷ್ಟದ ಬಾಬತ್ತು. ಮೊದಲ ಹಂತದ ಮೆಥನಾಲಿನಲ್ಲಿ ನೀರು ಬೆರೆತಿರುವುದರಿಂದ ಅದನ್ನು ಹಾಗೆಯೇ ಮತ್ತೆ ಬಳಸುವಂತೆಯೂ ಇಲ್ಲ. ಪಾತ್ರೆಯೂ ಆಮ್ಲ ತಡೆಯುವಂಥದ್ದಾಗಿರಬೇಕು. ಸಾಧಾರಣ ಕಬ್ಬಿಣದ ಡ್ರಮ್ ಬಾಳುವುದಿಲ್ಲ. ಎಣ್ಣೆಯಲ್ಲಿ ಉಳಿದ ಗಂಧಕಾಮ್ಲ ಎರಡನೆಯ ಹಂತದ ಕ್ಷಾರವನ್ನೂ ತಿನ್ನುತ್ತದೆ. 98 ಗ್ರಾಂ ಆಮ್ಲಕ್ಕೆ 80 ಗ್ರಾಂ ಸೋಡಾ ಎಂದು ಲೆಕ್ಕ ಹಾಕಿಕೊಳ್ಳಿ.

ಸುಣ್ಣ, ಚಿಪ್ಪು, ಬೂದಿ

ಸುಣ್ಣದ ಕಲ್ಲು, ಮೊಟ್ಟೆಯ ಚಿಪ್ಪು, ಕಪ್ಪೆಚಿಪ್ಪು ಯಾವುದನ್ನಾದರೂ 800–900 ಡಿಗ್ರಿಯಲ್ಲಿ ಸುಟ್ಟರೆ ಇಂಗಾಲದ ಡೈಆಕ್ಸೈಡ್ ಹೊರಟುಹೋಗಿ ಕ್ಯಾಲ್ಸಿಯಂ ಆಕ್ಸೈಡ್ ಉಳಿಯುತ್ತದೆ. ತೂಕದಲ್ಲಿ ಶೇಕಡಾ 44 ಇಳಿಯುತ್ತದೆ. ಇದು ಮೆಥನಾಲಿನಲ್ಲಿ ಬಹಳ ಕಡಿಮೆ ಕರಗುವುದರಿಂದ ಸೋಸಿ ತೆಗೆದು ಮತ್ತೆ ಬಳಸಬಹುದು, ತೊಳೆಯುವ ನೀರೂ ಉಳಿಯುತ್ತದೆ ಎಂಬುದು ಇದರ ಆಕರ್ಷಣೆ. ಕಸದಿಂದ ರಸ ಎಂಬಂತೆ ಕೇಳಲು ಹಿತವಾಗಿಯೂ ಇದೆ.

ಆದರೆ ಒಂದು ತಪ್ಪು ತಿಳಿವಳಿಕೆ ಬೇರೂರಿದೆ. ಘನ ವೇಗವರ್ಧಕ ಎಂದರೆ ಕೆಟ್ಟ ಎಣ್ಣೆಯನ್ನೂ ತಡೆದುಕೊಳ್ಳುತ್ತದೆ ಎಂದುಕೊಳ್ಳುತ್ತಾರೆ. ಸುಣ್ಣವೂ ಕ್ಷಾರವೇ. ಮುಕ್ತ ಆಮ್ಲ ಸಿಕ್ಕರೆ ಅದೂ ಸಾಬೂನು ಮಾಡುತ್ತದೆ; ಕ್ಯಾಲ್ಸಿಯಂ ಸಾಬೂನು ನೀರಿನಲ್ಲಿ ಕರಗುವುದೂ ಇಲ್ಲ, ಸೋಸುಬಟ್ಟೆಯನ್ನು ಕಟ್ಟಿಸಿ ವೇಗವರ್ಧಕದ ಮೈಗೇ ಮೆತ್ತಿಕೊಳ್ಳುತ್ತದೆ. ಹಾಗಾಗಿ ಹಿಪ್ಪೆ ಅಥವಾ ರಬ್ಬರ್ ಬೀಜದ ಎಣ್ಣೆಗೆ ಸುಣ್ಣವನ್ನು ನೇರವಾಗಿ ಹಾಕುವ ಯೋಚನೆ ಬಿಡಿ. ಮೊದಲ ಹಂತದ ಆಮ್ಲ ಚಿಕಿತ್ಸೆ ಇದಕ್ಕೂ ಬೇಕು. ಜೊತೆಗೆ ಸುಟ್ಟ ಸುಣ್ಣವನ್ನು ಗಾಳಿಗೆ ಬಿಟ್ಟರೆ ತೇವವನ್ನೂ ಇಂಗಾಲದ ಡೈಆಕ್ಸೈಡನ್ನೂ ಹೀರಿ ಮಂಕಾಗುತ್ತದೆ. ನಿನ್ನೆ ಸುಟ್ಟು ತೆರೆದಿಟ್ಟದ್ದು ಇವತ್ತಿಗೆ ಅದೇ ವೇಗ ಕೊಡುತ್ತದೆಂದು ನಂಬುವಂತಿಲ್ಲ.

ಮರುಬಳಕೆಯ ಮಾತನ್ನು ಒರೆಗೆ ಹಚ್ಚಲು ಸರಳ ದಾರಿಯಿದೆ. ಕ್ರಿಯೆ ಅರ್ಧ ನಡೆದಿರುವಾಗ ಬಿಸಿಯಿರುವಂತೆಯೇ ಘನವನ್ನು ಸೋಸಿ ತೆಗೆಯಿರಿ, ದ್ರವವನ್ನು ಮಾತ್ರ ಅದೇ ಶಾಖದಲ್ಲಿ ಕಲಕುತ್ತಿರಿ. ಪರಿವರ್ತನೆ ಅಲ್ಲಿಗೇ ನಿಂತರೆ ಕೆಲಸ ಮಾಡುತ್ತಿದ್ದದ್ದು ಘನವೇ. ಮುಂದುವರಿದರೆ ವೇಗವರ್ಧಕ ಕರಗಿ ದ್ರವಕ್ಕೆ ಸೇರಿದೆ ಎಂದರ್ಥ; ಪ್ರತಿ ಬಳಕೆಯಲ್ಲೂ ಅದು ಸವೆಯುತ್ತದೆ, ಇಂಧನದಲ್ಲಿ ಲೋಹ ಉಳಿಯುತ್ತದೆ. ಯುರೋಪಿನ ಇಎನ್ 14214 ಮಾನದಂಡ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಎರಡೂ ಸೇರಿ ಕಿಲೋಗೆ 5 ಮಿಲಿಗ್ರಾಂ ಮೀರಬಾರದು ಎನ್ನುತ್ತದೆ. ಬಾಳೆಸಿಪ್ಪೆ ಮೊದಲಾದವುಗಳ ಬೂದಿಯ ಬಲವೂ ಬಹುಪಾಲು ಅದರಲ್ಲಿರುವ ಪೊಟ್ಯಾಸಿಯಂ ಕಾರ್ಬೊನೇಟಿನದೇ. ಅದು ಕರಗುತ್ತದೆ, ವೇಷ ಮಾತ್ರ ಘನದ್ದು.

ಕರಗದ ಗಟ್ಟಿ ವೇಗವರ್ಧಕಗಳೂ ಇಲ್ಲದಿಲ್ಲ. ಫ್ರಾನ್ಸಿನಲ್ಲಿ ರೂಪುಗೊಂಡ ಎಸ್ಟರ್‌ಫಿಪ್-ಎಚ್ ವಿಧಾನ ಸತು ಮತ್ತು ಅಲ್ಯೂಮಿನಿಯಂನ ಮಿಶ್ರ ಆಕ್ಸೈಡ್ ಬಳಸಿ ನಿರಂತರವಾಗಿ ನಡೆಯುತ್ತದೆ, ಗ್ಲಿಸರಿನ್ನೂ ಬಹಳ ಶುದ್ಧವಾಗಿ ಬರುತ್ತದೆ. ಆದರೆ ಅದು ಕೇಳುವುದು 200 ಡಿಗ್ರಿಯ ಆಸುಪಾಸಿನ ಶಾಖ ಮತ್ತು ಹತ್ತಾರು ಪಟ್ಟು ವಾಯುಭಾರದ ಒತ್ತಡ. ಅದು ದೊಡ್ಡ ಬಂಡವಾಳದ ಮಾತು.

ಘನ ಆಮ್ಲಗಳು

ಸಲ್ಫೋನಿಕ್ ರಾಳ, ಸಲ್ಫೇಟ್ ಸೇರಿಸಿದ ಜಿರ್ಕೋನಿಯಾ, ಸಲ್ಫೋನೀಕರಿಸಿದ ಇಂಗಾಲ ಈ ಗುಂಪಿಗೆ ಸೇರಿದವು; ಕರಗದ ಘನದ ಮೈಗೆ ಗಂಧಕಾಮ್ಲದ ಗುಣ ಅಂಟಿಸಿದಂಥವು ಇವು. ಸಕ್ಕರೆಯನ್ನು ಅರೆಬರೆ ಕರಕಲು ಮಾಡಿ ಸಲ್ಫೋನೀಕರಿಸಿದ ವೇಗವರ್ಧಕದ ಬಗ್ಗೆ ಜಪಾನಿನ ವಿಜ್ಞಾನಿಗಳು 2005ರಲ್ಲಿ ನೇಚರ್ ಪತ್ರಿಕೆಯಲ್ಲಿ ಬರೆದ ಮೇಲೆ ಇಂಥವುಗಳ ಮೇಲೆ ಹೆಚ್ಚು ಕೆಲಸ ನಡೆಯಿತು. ಎರಡು ಹಂತದ ವಿಧಾನದಲ್ಲಿ ಗಂಧಕಾಮ್ಲದ ಜಾಗಕ್ಕೆ ಇವನ್ನು ಕೂರಿಸುವುದು ಅರ್ಥಪೂರ್ಣ: ಪಾತ್ರೆ ತಿನ್ನುವುದಿಲ್ಲ, ತಟಸ್ಥಗೊಳಿಸುವ ಕೆಲಸವಿಲ್ಲ. ಸಲ್ಫೋನಿಕ್ ರಾಳವನ್ನು ಸ್ತಂಭದಲ್ಲಿ ತುಂಬಿ ಎಣ್ಣೆ ಮತ್ತು ಮೆಥನಾಲನ್ನು ಹಾಯಿಸಬಹುದು. ಆದರೆ ಗೋಂದು (ಎಣ್ಣೆಯಲ್ಲೇ ಇರುವ ಅಂಟು ಪದಾರ್ಥ) ತುಂಬಿದ ಹಸಿ ಎಣ್ಣೆ ಅದರ ರಂಧ್ರಗಳನ್ನು ಮುಚ್ಚುತ್ತದೆ, ಎಣ್ಣೆಯಲ್ಲಿ ಉಳಿದ ಲೋಹದ ಅಯಾನುಗಳು ಅದರ ಆಮ್ಲತೆಯನ್ನು ಕಸಿಯುತ್ತವೆ. ಎಣ್ಣೆ ಶುಚಿಗೊಳಿಸುವ ಶಿಸ್ತು ಇರುವವರಿಗೆ ಮಾತ್ರ ಇದು.

ಕಿಣ್ವ

ಲೈಪೇಸ್ ಕಿಣ್ವಕ್ಕೆ ಮುಕ್ತ ಆಮ್ಲವೂ ಎಣ್ಣೆಯೂ ಒಂದೇ. ಎರಡನ್ನೂ ಎಸ್ಟರ್ ಮಾಡುತ್ತದೆ. 35–45 ಡಿಗ್ರಿ ಸಾಕು, ಸಾಬೂನು ಹುಟ್ಟುವುದಿಲ್ಲ, ಲವಣವಿಲ್ಲದ ಗ್ಲಿಸರಿನ್ ಸಿಗುತ್ತದೆ. ಶೇಕಡಾ 20, 30 ಮುಕ್ತ ಆಮ್ಲದ ಎಣ್ಣೆ ಕೈಯಲ್ಲಿದ್ದರೆ ಇದರಷ್ಟು ಸೊಗಸಾದ ಉತ್ತರ ಮತ್ತೊಂದಿಲ್ಲ.

ಕಿಣ್ವದ ವೈರಿ ಮೆಥನಾಲೇ. ಎಣ್ಣೆಯಲ್ಲಿ ಕರಗದೆ ಉಳಿದ ಮೆಥನಾಲ್ ಅದನ್ನು ಕೊಲ್ಲುತ್ತದೆ. ಅದಕ್ಕೆಂದೇ ಮೆಥನಾಲನ್ನು ಒಟ್ಟಿಗೆ ಸುರಿಯದೆ ಮೂರು ಅಥವಾ ಹೆಚ್ಚು ಕಂತುಗಳಲ್ಲಿ ಕೊಡುತ್ತಾರೆ. ಕ್ಷಾರಕ್ಕೆ ಒಂದು ಗಂಟೆ ಸಾಕಾದರೆ ಇದಕ್ಕೆ ಒಂದು ದಿನ ಬೇಕು. ರಾಳದ ಮೇಲೆ ಕೂರಿಸಿದ ಕಿಣ್ವ ದುಬಾರಿ. ಹಲವು ಸಲ ಬಳಸಿದರಷ್ಟೇ ಗಿಟ್ಟುತ್ತದೆ, ಗೋಂದು ಮತ್ತು ಗ್ಲಿಸರಿನ್ ಮೆತ್ತಿಕೊಂಡರೆ ಅಷ್ಟು ಸಲ ಬಾಳುವುದಿಲ್ಲ. ದ್ರವರೂಪದ ಕಿಣ್ವ ಅಗ್ಗ, ತುಸು ನೀರಿದ್ದರೇ ಅದಕ್ಕೆ ಇಷ್ಟ. ಆದರೆ ಕೊನೆಯಲ್ಲಿ ಸ್ವಲ್ಪ ಮುಕ್ತ ಆಮ್ಲವನ್ನು ಉಳಿಸಿಯೇ ಬಿಡುತ್ತದೆ. ಮೇಲೆ ಹೇಳಿದ ಯುರೋಪಿನ ಮಾನದಂಡ ಒಪ್ಪುವುದು 0.50 ಆಮ್ಲ ಮೌಲ್ಯವನ್ನು, ಅಂದರೆ ಶೇಕಡಾ 0.25ರಷ್ಟು ಮುಕ್ತ ಆಮ್ಲವನ್ನು ಮಾತ್ರ. ಅಲ್ಲಿಗೆ ಇಳಿಸಲು ಮತ್ತೆ ಸ್ವಲ್ಪ ಕ್ಷಾರದ ನೆರವು ಬೇಕು.

ವೇಗವರ್ಧಕವೇ ಇಲ್ಲದ ವಿಧಾನವೂ ಇದೆ. ಮೆಥನಾಲನ್ನು 240 ಡಿಗ್ರಿ ಮತ್ತು 80 ವಾಯುಭಾರ ದಾಟಿಸಿದರೆ ಅದು ಎಣ್ಣೆಯೊಂದಿಗೆ ತಾನೇ ಬೆರೆಯುತ್ತದೆ; ಇನ್ನೂ ಬಿಸಿ ಮಾಡಿ 350 ಡಿಗ್ರಿಗೆ ಒಯ್ದರೆ ಕ್ರಿಯೆ ನಿಮಿಷಗಳಲ್ಲಿ ಮುಗಿಯುತ್ತದೆ. ಸಣ್ಣ ಘಟಕಕ್ಕೆ ಇದು ಮೂಗಿಗಿಂತ ಮೂಗುತಿ ಭಾರ.

ವೇಗವರ್ಧಕದ ಮೇಲೆ ಹೊರಿಸಬಾರದ ದೂರುಗಳು

ಹರಳೆಣ್ಣೆಯ ಬಯೋಡೀಸೆಲ್ ಮಂದವಾಗಿಯೇ ಇರುತ್ತದೆ. ಅದು ಆ ಕೊಬ್ಬಿನಾಮ್ಲದ ರಚನೆಯ ಗುಣ, ಯಾವ ವೇಗವರ್ಧಕವೂ ತಿಳಿಯಾಗಿಸದು. ಹಿಪ್ಪೆಯದು ಚಳಿಗೆ ಬೇಗ ಗಟ್ಟಿಯಾಗುತ್ತದೆ. ಬೇವಿನೆಣ್ಣೆಯ ಗಂಧಕವೂ ಎಣ್ಣೆಯ ಜೊತೆಗೇ ಬರುವಂಥದ್ದು. ಗೋಂದಿರುವ ಎಣ್ಣೆಯನ್ನು ಬಿಸಿನೀರು, ಅಲ್ಪ ಫಾಸ್ಫರಿಕ್ ಆಮ್ಲದಿಂದ ಮೊದಲೇ ಶುಚಿ ಮಾಡಿ ನೀರು ಆರಿಸದಿದ್ದರೆ ಮೇಲೆ ಹೇಳಿದ ಯಾವ ಆಯ್ಕೆಯೂ ಪೂರ್ಣ ಫಲ ಕೊಡುವುದಿಲ್ಲ.

ಯಾರಿಗೆ ಯಾವುದು

ನಿಮ್ಮದೇ ಬೀಜವನ್ನು ಒಣಗಿಸಿ, ಹಿಂಡಿ, ವಾರದೊಳಗೆ ಬಳಸುವ ಸಣ್ಣ ಘಟಕವಾದರೆ ಹಣವನ್ನು ವೇಗವರ್ಧಕಕ್ಕಲ್ಲ, ಬೀಜ ಒಣಗಿಸುವ ಕಣಕ್ಕೆ ಹಾಕಿ. ಮುಕ್ತ ಆಮ್ಲ ಕೆಳಗಿದ್ದರೆ ಪೊಟ್ಯಾಶ್ ಒಂದರಿಂದಲೇ ಕೆಲಸವಾಗುತ್ತದೆ. ಬೇರೆ ಬೇರೆ ಕಡೆಯಿಂದ ಎಣ್ಣೆ ಕೊಳ್ಳುವವರು, ಪ್ರತಿ ಡ್ರಮ್ಮಿನ ಆಮ್ಲವೂ ಬೇರೆಯಾಗಿರುವವರು ಎರಡು ಹಂತದ ವ್ಯವಸ್ಥೆಯನ್ನೇ ಕಟ್ಟಿಕೊಳ್ಳಿ. ಮೆಥನಾಲ್ ವಾಪಸಾತಿಯನ್ನು ಮೊದಲ ದಿನದಿಂದಲೇ ಸೇರಿಸಿ. ಆಮ್ಲ ಶೇಕಡಾ 20 ದಾಟಿದ ಎಣ್ಣೆ ನಿರಂತರವಾಗಿ, ಅಗ್ಗವಾಗಿ ಸಿಗುವಂತಿದ್ದರೆ, ಕಾಯುವ ವ್ಯವಧಾನವಿದ್ದರೆ ದ್ರವ ಕಿಣ್ವದ ಲೆಕ್ಕ ಹಾಕಿ ನೋಡಬಹುದು. ಕಾಲೇಜಿನ ಯೋಜನೆಗೆ ಸುಣ್ಣ ಮತ್ತು ಸಲ್ಫೋನೀಕರಿಸಿದ ಇಂಗಾಲ ಒಳ್ಳೆಯ ವಸ್ತು. ಕಲಿಯಲು ಬೇಕಾದಷ್ಟಿದೆ, ಬಿಸಿ ಸೋಸುವ ಪರೀಕ್ಷೆಯನ್ನು ಮಾತ್ರ ವರದಿಯಿಂದ ಬಿಡಬೇಡಿ.

ಯಾವುದನ್ನೇ ಆರಿಸಿದರೂ ಮೆಥನಾಲಿನ ಆವಿ ವಿಷ ಎಂಬುದನ್ನು ಮರೆಯುವಂತಿಲ್ಲ. ಕುಡಿದರೆ ಕಣ್ಣು ಹೋಗುತ್ತದೆ, ಚರ್ಮದಿಂದಲೂ ಒಳಸೇರುತ್ತದೆ, ಹಗಲು ಬೆಳಕಿನಲ್ಲಿ ಅದರ ಜ್ವಾಲೆ ಕಾಣುವುದೇ ಕಷ್ಟ. ಗಾಳಿಯಾಡುವ ಜಾಗ, ಕೈಗವಸು, ಕನ್ನಡಕ ಇಲ್ಲದೆ ಕೆಲಸಕ್ಕೆ ಇಳಿಯಬೇಡಿ. ಆಮ್ಲವನ್ನು ಮೆಥನಾಲಿಗೆ ನಿಧಾನವಾಗಿ ಸೇರಿಸಬೇಕು, ಮೆಥನಾಲನ್ನು ಆಮ್ಲಕ್ಕೆ ಸುರಿಯಬಾರದು.

ಡ್ರಮ್ಮಿಗೆ ಇಳಿಯುವ ಮೊದಲು ಒಂದು ಲೀಟರಿನಲ್ಲಿ ಮಾಡಿ ನೋಡಿ. ಗ್ಲಿಸರಿನ್ ಇಳಿದ ಮೇಲೆ ಮೇಲಿನ ಪದರದಿಂದ 3 ಮಿಲಿಲೀಟರ್ ತೆಗೆದು 27 ಮಿಲಿಲೀಟರ್ ಮೆಥನಾಲಿಗೆ ಹಾಕಿ ಕುಲುಕಿ. ಎಸ್ಟರ್ ಮೆಥನಾಲಿನಲ್ಲಿ ಕರಗುತ್ತದೆ, ಎಣ್ಣೆ ಕರಗುವುದಿಲ್ಲ. ದ್ರಾವಣ ತಿಳಿಯಾಗಿದ್ದರೆ ಪರಿವರ್ತನೆ ಚೆನ್ನಾಗಿ ಆಗಿದೆ; ತಳದಲ್ಲಿ ಹನಿ ಕೂತರೆ ಎಣ್ಣೆ ಉಳಿದಿದೆ, ಗ್ಲಿಸರಿನ್ ತೆಗೆದು ಸ್ವಲ್ಪ ಮೆಥನಾಲ್ ಮತ್ತು ಕ್ಷಾರದೊಂದಿಗೆ ಇನ್ನೊಂದು ಸುತ್ತು ಕೊಡಬೇಕು. ಸಾಬೂನು, ನೀರು, ಉಳಿದ ಲೋಹ ಯಾವುದನ್ನೂ ಈ ಪರೀಕ್ಷೆ ಹೇಳುವುದಿಲ್ಲ. ಮಾರಾಟಕ್ಕೆ ಇಡುವ ಇಂಧನವಾದರೆ ಅವನ್ನು ಪ್ರಯೋಗಾಲಯದಲ್ಲೇ ಅಳೆಯಿಸಬೇಕು.